ಐಸಿಎಂ ಚಿತ್ರದಲ್ಲಿ ಶರತ್ಕಾಲದ ಬಣ್ಣವೆಲ್ಲ ರಾಡಿಯಾಗ್ತಿದೆ, ಏನು ಮಾಡಲಿ?

ಹಳದಿಎಲೆ:
ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಬೇಕಂತಲೇ ಅಲುಗಾಡಿಸಿ ತೆಗೆಯೋ ಈ ಐಸಿಎಂ ಹುಚ್ಚು ನನಗೂ ಹಿಡಿದಿದೆ. ಎದುರಿಗೆ ಕೆಂಪು ಮೇಪಲ್, ಹಳದಿ ಬರ್ಚ್, ನಡುನಡುವೆ ಹಸಿರು ಪೈನ್. ಕಣ್ಣಿಗೆ ಕಾಡು ಹೊತ್ತಿ ಉರಿದ ಹಾಗೆ ಕಾಣುತ್ತೆ. ತೆಗೆದು ನೋಡಿದರೆ ಎಲ್ಲ ಕಲಸಿಹೋಗಿ ಕಂದು ರಾಡಿ, ಮೇಲೆ ಬಿಳಿ ಗೀರುಗಳು ಬೇರೆ. ಶಟರ್ ಅರ್ಧ ಸೆಕೆಂಡ್, ಲೆನ್ಸ್ ಕಿಂಡಿ (ಅಪರ್ಚರ್) ಎಫ್/22, ಐಎಸ್‌ಒ 100, 24 ಎಂಎಂ ಲೆನ್ಸ್. ಎಡದಿಂದ ಬಲಕ್ಕೆ ಬೀಸ್ತೀನಿ. ಎನ್‌ಡಿ ಫಿಲ್ಟರ್ ತಗೊಂಡರೆ ಸರಿಹೋಗುತ್ತಾ?

ನಿಧಾನಶಟರ್:
ಫಿಲ್ಟರ್ ಆಮೇಲೆ ನೋಡೋಣ. ಬೇಕಾದ ಅರ್ಧ ಸೆಕೆಂಡ್ ನಿಮಗೆ ಆಗಲೇ ಸಿಕ್ಕಿದೆಯಲ್ಲ. ಎನ್‌ಡಿ ಬೆಳಕು ತಗ್ಗಿಸುತ್ತೆ ಅಷ್ಟೇ, ಬಣ್ಣದ ರಾಡಿ ತೆಗೆಯಲ್ಲ.

ಶಟರ್ ತೆರೆದಿರುವಷ್ಟು ಹೊತ್ತು ಒಂದು ಪಿಕ್ಸೆಲ್ ಮೇಲೆ ಏನೇನು ಹಾದುಹೋಗುತ್ತೋ ಅದರ ಸರಾಸರಿ ಅಲ್ಲಿ ಉಳಿಯುತ್ತೆ. ಹಳದಿ, ಕಿತ್ತಳೆ, ಕೆಂಪು ಹಾದರೆ ಕಿತ್ತಳೆಯೇ ಸಿಗುತ್ತೆ. ಕೆಂಪಿನ ಜೊತೆ ಹಸಿರು ಸಮಸಮ ಹಾದರೆ ಮಂಕು ಕಂದು. ನೀವು ಅಡ್ಡ ಬೀಸಿದಾಗ ಮೇಪಲ್, ಪೈನ್, ಕಪ್ಪು ಕಾಂಡ ಎಲ್ಲವೂ ಸರದಿ ಮೇಲೆ ಒಂದೇ ಪಿಕ್ಸೆಲ್ ಮೇಲೆ ಓಡಿವೆ. ರಾಡಿಯಾಗದೆ ಇನ್ನೇನು! ಮೇಲಿಂದ ಕೆಳಕ್ಕೆ ಎಳೆಯಿರಿ. ಕಾಂಡ ತನ್ನ ಗೆರೆಯಲ್ಲೇ ಉಳಿಯುತ್ತೆ, ಮೇಪಲ್ ಕೆಂಪು ಪಕ್ಕದ ಪೈನ್ ಮೇಲೆ ಹರಿಯಲ್ಲ. ಕೆರೆ ದಡದಂಥ ಕಡೆ ನೀರು, ಜೊಂಡು, ಮರ ಪದರ ಪದರವಾಗಿ ಇದ್ದರೆ ಮಾತ್ರ ಅಡ್ಡ ಬೀಸೋದು ಒಪ್ಪುತ್ತೆ.

ಆ 24 ಎಂಎಂ ನನಗೆ ಸರಿಬರಲ್ಲ. ಸಿಕ್ಕಿದ್ದನ್ನೆಲ್ಲ ಒಳಗೆ ತುಂಬಿಕೊಳ್ಳುತ್ತೆ, ಆಕಾಶವನ್ನೂ. ಕೊಂಬೆಗಳ ಸಂದಿಯಲ್ಲಿ ಕಂಡ ಆಕಾಶದ ಚೂರೇ ನಿಮ್ಮ ಬಿಳಿ ಗೀರು. 70ರಿಂದ 135 ಎಂಎಂ ಹಾಕಿ, ಆಕಾಶ ಬಾರದ ಹಾಗೆ ಒಂದು ತುಂಡು ಕಾಡು ಆರಿಸಿ. ಅಷ್ಟೇ ಕೈ ಆಡಿಸಿದರೂ ಗೆರೆ ಉದ್ದ ಬರುತ್ತೆ, ಹಾಗಾಗಿ ಕೈ ನಿಧಾನವಾಗಲಿ.

ಎಫ್/22 ಕೂಡ ಬಿಡಿ. ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿ ಚಿತ್ರ ಮೃದುವಾಗೋದು) ಅಂತ ಅಲ್ಲ, ಮಸುಕಿನಲ್ಲಿ ಅದನ್ನು ಯಾರು ನೋಡ್ತಾರೆ? ತೊಂದರೆ ಸೆನ್ಸರ್ ಮೇಲಿನ ಧೂಳಿನದು, ಕಿಂಡಿ ಕಿರಿದಾದಷ್ಟೂ ಅದು ಎದ್ದು ಕಾಣುತ್ತೆ. ಕ್ಯಾಮೆರಾ ಎಷ್ಟು ಆಡಿಸಿದರೂ ಧೂಳು ಸೆನ್ಸರ್ ಜೊತೆಗೇ ಬರುತ್ತೆ, ಮಸುಕಾಗಲ್ಲ. ನುಣುಪಾದ ಬಣ್ಣದ ಮೇಲೆ ಕಪ್ಪು ಚುಕ್ಕೆಯಾಗಿ ಕೂರುತ್ತೆ. ಪೋಲರೈಸರ್ ಫಿಲ್ಟರ್ ಹಾಕಿ, ಕಿಂಡಿ ಅಗಲಿಸಿ ಎಫ್/11 ಕಡೆಗೆ ಬನ್ನಿ. ಅದೇ ಒಂದೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ತಿನ್ನುತ್ತೆ, ಒದ್ದೆ ಎಲೆ ಮೇಲಿನ ಬಿಳಿ ಹೊಳಪನ್ನೂ ತೆಗೆಯುತ್ತೆ. ಮಳೆ ನಿಂತ ಮೇಲಿನ ಮೋಡದ ಬೆಳಕಿನಲ್ಲಿ ಇದನ್ನು ತಿರುಗಿಸಿ ನೋಡಿ, ಬಣ್ಣ ಎಷ್ಟು ಅಡಗಿಕೊಂಡಿತ್ತು ಅಂತ ಗೊತ್ತಾಗುತ್ತೆ.

ಮುಕ್ಕಾಲಿ:
ಲೆನ್ಸ್‌ನಲ್ಲೋ ಬಾಡಿಯಲ್ಲೋ ಅಲುಗಾಟ ತಡೆಯೋ ಸ್ಟೆಬಿಲೈಸೇಷನ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಅದು ನಿಮ್ಮ ಕೈ ಜೊತೆ ಜಗಳಕ್ಕೆ ನಿಲ್ಲುತ್ತೆ. ಕೈ ಚಲಿಸಲು ಶುರುವಾದ ಮೇಲೆ ಶಟರ್ ಒತ್ತಿ, ಶಟರ್ ಮುಚ್ಚಿದ ಮೇಲೂ ಕೈ ಸಾಗಲಿ. ಗೆರೆ ಡೊಂಕಾಗುತ್ತಿದ್ದರೆ ಟ್ರೈಪಾಡ್ ಮೇಲಿಟ್ಟು ಹೆಡ್‌ನ ಟಿಲ್ಟ್ ಮಾತ್ರ ಸಡಿಲಿಸಿ.

ಗಾಳಿಗೆರೆ:
ಮುಕ್ಕಾಲಿಯವರೇ, ನೀಟಾದ ಗೆರೆ ನನಗೆ ಬೇಗ ಬೇಜಾರು ಬರುತ್ತೆ. ಒಂದು ಸೆಕೆಂಡ್ ಇಟ್ಟು, ಮೊದಲ ಮೂರನೇ ಒಂದು ಭಾಗ ಅಲುಗಾಡದೆ ನಿಂತು ಆಮೇಲೆ ಎಳೆದರೆ ಮರದ ಆಕಾರ ಮಸುಕಿನ ಹಿಂದೆ ಇಣುಕುತ್ತೆ. 1950ರ ದಶಕದಲ್ಲಿ ಛಾಯಾಗ್ರಾಹಕ ಅರ್ನ್‌ಸ್ಟ್ ಹಾಸ್ ನಿಧಾನ ಶಟರ್‌ನಲ್ಲಿ ಬಣ್ಣದಲ್ಲಿ ತೆಗೆದ ಗೂಳಿಕಾಳಗದ ಚಿತ್ರಗಳನ್ನು ನೋಡಿ. ಬಣ್ಣ ಹರಿದಿದೆ, ಆದರೂ ಗೂಳಿ ಗೂಳಿಯೇ.

ಹಳದಿಎಲೆ:
ಮೇಲಿಂದ ಕೆಳಕ್ಕೆ ಎಳೆದು ನೋಡಿದೆ, ಕೆಂಪು ಕೆಂಪಾಗಿಯೇ ಬಂತು! ಈಗ ಅದು ಒಂದೇ ಸಮ ಪೇಂಟ್ ಬಳಿದ ಹಾಗಿದೆ, ಎಲೆಯ ಏರಿಳಿತವೇ ಇಲ್ಲ. ಹಿಸ್ಟೋಗ್ರಾಂ (ಕತ್ತಲು-ಬೆಳಕು ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್) ಮಾತ್ರ ಸರಿಯಾಗೇ ಇದೆ.

ನಿಧಾನಶಟರ್:
ಎಲ್ಲ ಬಣ್ಣ ಒಟ್ಟಿಗೆ ತೋರಿಸೋ ಬಿಳಿ ಹಿಸ್ಟೋಗ್ರಾಂ ನೋಡಿರ್ತೀರಿ. ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಬೇರೆ ಬೇರೆ ತೋರಿಸೋದನ್ನು ತೆರೆಯಿರಿ, ಕೆಂಪಿನದು ಬಲಗೋಡೆಗೆ ಬಡಿದಿರುತ್ತೆ, ಅಂದರೆ ಕೆಂಪು ಮಿತಿಮೀರಿ ಏರಿಳಿತ ಕಳೆದುಕೊಂಡಿದೆ. ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪ್ ಇಳಿಸಿ, ರಾ ಫೈಲ್‌ನಲ್ಲಿ (ಸೆನ್ಸರ್ ಮಾಹಿತಿಯನ್ನು ಹಾಗೇ ಇಟ್ಟುಕೊಳ್ಳೋ ಫೈಲ್) ತೆಗೆಯಿರಿ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸೋ ವೈಟ್ ಬ್ಯಾಲೆನ್ಸ್ ಆಟೋ ಬೇಡ, ಪ್ರತಿ ಫ್ರೇಮಿಗೂ ಒಂದೊಂದು ಬಣ್ಣ ಕೊಡುತ್ತೆ. ಡೇಲೈಟ್‌ಗೆ ನಿಲ್ಲಿಸಿ.