ಮಂಗೋಲ್ ಸಾಮ್ರಾಜ್ಯ ಅಷ್ಟು ಬೇಗ ಬೆಳೆದು ಅಷ್ಟೇ ಬೇಗ ಒಡೆದದ್ದು ಯಾಕೆ?

ಪ್ರಶ್ನೆ

ಚಂಗೀಸ್ ಖಾನ್ ಪಟ್ಟಕ್ಕೇರಿದ್ದು 1206ರಲ್ಲಿ. 1260ರ ಹೊತ್ತಿಗೆ ಅವನ ಮೊಮ್ಮಕ್ಕಳೇ ಒಬ್ಬರ ಮೇಲೊಬ್ಬರು ಕತ್ತಿ ಹಿರಿದಿದ್ದರು. ನಡುವೆ ಬರೀ 54 ವರ್ಷ. ಕುದುರೆ, ಬಿಲ್ಲು ಹುಲ್ಲುಗಾವಲಿನ ಎಲ್ಲ ಕುಲಗಳ ಹತ್ತಿರವೂ ಇತ್ತಲ್ಲ, ಇವರೊಬ್ಬರೇ ಹೇಗೆ ಗೆದ್ದರು? ಹಂಗೇರಿಯಲ್ಲಿ ಗೆದ್ದ ಮೇಲೂ 1242ರಲ್ಲಿ ವಾಪಸಾದದ್ದು ಚಂಗೀಸನ ಮಗ ಒಗೆದೇಯ್ ಖಾನ್ ತೀರಿಕೊಂಡ ಅಂತಲೇನಾ? ವಿವರ ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ಮೊದಲ ಪ್ರಶ್ನೆಗೆ ಉತ್ತರ ಆಯುಧದಲ್ಲಿಲ್ಲ, ಹಂಚಿಕೆಯಲ್ಲಿದೆ.

ಹತ್ತು ಸವಾರರ ತಂಡ ಅರ್ಬಾನ್. ನೂರಕ್ಕೆ ಜಾಗೂನ್, ಸಾವಿರಕ್ಕೆ ಮಿಂಗಾನ್, ಹತ್ತು ಸಾವಿರಕ್ಕೆ ತುಮೆನ್. ಈ ಹತ್ತರ ಲೆಕ್ಕ ಹಳೆಯದೇ, ಅದೇ ಹುಲ್ಲುಗಾವಲಿನ ಪ್ರಾಚೀನ ಅಲೆಮಾರಿಗಳಾದ ಶಿಯೊಂಗ್ನುಗಳ ಕಾಲದಿಂದಲೂ ಇತ್ತು. ಚಂಗೀಸ್ ಮಾಡಿದ ಹೊಸ ಕೆಲಸ ಅಂದರೆ ಸೋತ ಕುಲಗಳನ್ನು ಒಡೆದು ಬೇರೆ ಬೇರೆ ಸಾವಿರಗಳೊಳಗೆ ಸೇರಿಸಿದ್ದು. ತಾತಾರ್, ಮೆರ್ಕಿತ್, ನೈಮನ್ ಜನರಿಗೆ ಕುಲದ ಮುಖಂಡ ಅಂತ ಒಬ್ಬ ಉಳಿಯಲೇ ಇಲ್ಲ. ಉಳಿದವನು ಸಾವಿರದ ನಾಯಕ ಮಾತ್ರ. ತನ್ನ ತುಕಡಿ ಬಿಟ್ಟು ಇನ್ನೊಂದಕ್ಕೆ ಹೋದವನಿಗೆ ಮರಣದಂಡನೆ. ಖಾನನ ಕಾವಲು ಪಡೆ ಕೆಶಿಗ್‌ನಲ್ಲಿ 10,000 ಜನ. ನಾಯಕರ ಮಕ್ಕಳನ್ನು ಅದಕ್ಕೆ ಸೇರಿಸಿಕೊಂಡದ್ದರಿಂದ ಅಪ್ಪಂದಿರು ಬಾಲ ಬಿಚ್ಚುವ ಹಾಗಿರಲಿಲ್ಲ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಹುಲ್ಲುಗಾವಲಿನ ಯುದ್ಧದಲ್ಲಿ ಅರ್ಧ ಗೆಲುವು ಕಂಡ ಕೂಡಲೇ ಸವಾರರು ಶತ್ರುವಿನ ಗುಡಾರಗಳಿಗೆ ನುಗ್ಗಿ ಲೂಟಿಗೆ ನಿಲ್ಲುತ್ತಿದ್ದರು. ಅಷ್ಟರಲ್ಲಿ ಶತ್ರು ಕುದುರೆ ಏರಿ ತಪ್ಪಿಸಿಕೊಳ್ಳುತ್ತಿದ್ದ, ಇಲ್ಲವೇ ತಿರುಗಿ ಬಂದು ಹೊಡೆಯುತ್ತಿದ್ದ. 1202ರಲ್ಲಿ ತಾತಾರರ ಮೇಲೆ ಹೊರಡುವಾಗ ಚಂಗೀಸ್ ಕಟ್ಟಪ್ಪಣೆ ಮಾಡಿದ: ಪೂರ್ತಿ ಗೆಲ್ಲುವ ತನಕ ಯಾರೂ ಯಾವುದನ್ನೂ ಮುಟ್ಟಬಾರದು, ಕೊಳ್ಳೆ ಆಮೇಲೆ ಎಲ್ಲರಿಗೂ ಹಂಚಿಕೆ. ಸ್ವಂತ ಚಿಕ್ಕಪ್ಪ ದಾರಿತಾಯ್, ದಾಯಾದಿಗಳಾದ ಅಲ್ತಾನ್, ಕುಚಾರ್ ಈ ಮಾತು ಮೀರಿದರು. ತನ್ನ ಸೇನಾನಿ ಜೆಬೆಯನ್ನು ಕಳಿಸಿ ಅವರು ಹೊಡೆದುಕೊಂಡಿದ್ದ ಜಾನುವಾರನ್ನೆಲ್ಲ ಕಸಿದುಕೊಂಡ. ಈ ಒಂದು ಘಟನೆ ನನಗೆ ಎಲ್ಲ ದೊಡ್ಡ ಕಾಳಗಗಳಿಗಿಂತ ಮುಖ್ಯ ಅನ್ನಿಸುತ್ತದೆ.

ಉತ್ತರ 2

ಹಂಗೇರಿ ವಿಷಯ. ಒಗೆದೇಯ್ ತೀರಿಕೊಂಡದ್ದು 1241ರ ಡಿಸೆಂಬರ್‌ನಲ್ಲಿ, ಸೈನ್ಯ ಹೊರಟದ್ದು ಮರುವರ್ಷದ ವಸಂತದಲ್ಲಿ. ಹಾಗಾಗಿ ಎರಡಕ್ಕೂ ಗಂಟು ಹಾಕುವುದು ರೂಢಿ. ಆದರೆ ಸೇನಾಧಿಪತಿ, ಚಂಗೀಸನ ಮೊಮ್ಮಗ ಬಾತು ಮಂಗೋಲಿಯಾಕ್ಕೆ ಹೋಗಲೇ ಇಲ್ಲ, ವೋಲ್ಗಾ ಸೀಮೆಯಲ್ಲೇ ಬೀಡುಬಿಟ್ಟ. ಹೊಸ ಖಾನನನ್ನು ಆರಿಸುವ ಕುರುಲ್ತಾಯ್ ಕೂಡಿದ್ದು 1246ರಲ್ಲಿ.

ಮೇವಿನ ಲೆಕ್ಕ ಹಾಕಿ ನೋಡಿ. ಒಬ್ಬ ಸವಾರನಿಗೆ ಮೂರರಿಂದ ಐದು ಕುದುರೆ. ನಾಲ್ಕು ಅಂತ ಹಿಡಿದರೂ ಒಂದು ತುಮೆನ್‌ಗೆ 40,000. ದಿನಕ್ಕೆ ಕುದುರೆಗೆ 7 ಕೆಜಿ ಒಣಹುಲ್ಲಿನಷ್ಟು ಮೇವು ಅಂದರೆ 280 ಟನ್. ಇಷ್ಟನ್ನು ಗಾಡಿಯಲ್ಲಿ ತರಲಾಗದು, ಹೋದ ಕಡೆ ನೆಲದ ಮೇಲೇ ಇರಬೇಕು. ಮಂಗೋಲ್ ಕುದುರೆ ಗೊರಸಿನಿಂದ ಹಿಮ ಕೆದರಿ ಹುಲ್ಲು ಮೇಯುತ್ತದೆ. ಅದಕ್ಕೇ ರಷ್ಯಾದ ರಿಯಾಜಾನ್ ಮೇಲೆ 1237ರ ಡಿಸೆಂಬರ್‌ನಲ್ಲಿ, ನದಿಗಳು ಹೆಪ್ಪುಗಟ್ಟಿ ದಾರಿಯಾದಾಗ ಬಂದರು. ಹಿಮ ಪರವಾಗಿಲ್ಲ, ಕೆಸರು ಆಗದು. ಮರದ ಉಂಗುರಗಳ ಅಧ್ಯಯನದ ಪ್ರಕಾರ 1242ರ ವಸಂತದಲ್ಲಿ ಹಂಗೇರಿ ಬಯಲು ತಂಪಾಗಿತ್ತು, ಒದ್ದೆಯಾಗಿತ್ತು. ಜೊತೆಗೆ ಎಸ್ಟರ್‌ಗೊಮ್‌ನ ಕಲ್ಲುಕೋಟೆಯೂ ಜೌಗಿನ ನಡುವಿನ ಸೆಕೆಶ್‌ಫೆಹೆರ್ವಾರ್ ಕೂಡ ಬಗ್ಗಲಿಲ್ಲ. ಖಾನನ ಸಾವು ಒಂದು ಕಾರಣ ಇರಬಹುದು, ಒಂದೇ ಕಾರಣ ಅಲ್ಲ.

ಸಿರಿಯಾದಲ್ಲೂ ಹೀಗೇ. 1260ರಲ್ಲಿ ಇರಾನ್ ಗೆದ್ದಿದ್ದ ಚಂಗೀಸನ ಇನ್ನೊಬ್ಬ ಮೊಮ್ಮಗ ಹುಲಗು ದೊಡ್ಡ ಸೈನ್ಯವನ್ನು ವಾಪಸು ಕರೆದೊಯ್ದು ಸೇನಾನಿ ಕಿತ್‌ಬುಕನ ಕೈಗೆ ಸಣ್ಣ ಪಡೆ ಬಿಟ್ಟ. ಆ ಪಡೆಯನ್ನೇ ಈಜಿಪ್ಟ್ ಆಳುತ್ತಿದ್ದ ಮಮ್ಲೂಕರು ಸೆಪ್ಟೆಂಬರ್ 3ರಂದು ಐನ್ ಜಾಲೂತ್‌ನಲ್ಲಿ ಸೋಲಿಸಿದ್ದು. ಎರಡು ವರ್ಷದ ಮೇಲೆ ಫ್ರಾನ್ಸಿನ ದೊರೆಗೆ ಬರೆದ ಪತ್ರದಲ್ಲಿ ಹುಲಗು ತಾನು ಹಿಂದೆ ಸರಿದದ್ದಕ್ಕೆ ಮೇವು ಮುಗಿದದ್ದನ್ನೇ ಕಾರಣವಾಗಿ ಹೇಳಿದ್ದಾನೆ.

ಪ್ರಶ್ನೆ ಕೇಳಿದವರು

ಹಂಚಿಕೆ ಅಷ್ಟು ಚೆನ್ನಾಗಿದ್ದರೆ, ಮೇಲಾಗಿ ಸುದ್ದಿ ಮುಟ್ಟಿಸಲು ಯಾಮ್ ಅಂಚೆ ಇದ್ದರೆ, ಒಡಕು ಎಲ್ಲಿಂದ ಬಂತು ಸರ್?

ಉತ್ತರ 3

ಆ ಹಂಚಿಕೆಯಿಂದಲೇ ಬಂತು. ಗೆದ್ದ ನಾಡು ಖಾನನೊಬ್ಬನದಲ್ಲ, ಇಡೀ ಮನೆತನದ ಆಸ್ತಿ. ಒಬ್ಬೊಬ್ಬ ರಾಜಕುಮಾರನಿಗೂ ಇನ್ನೊಬ್ಬನ ಸೀಮೆಯಲ್ಲಿ ಪಾಲು, ಅದಕ್ಕೆ ಖುಬಿ ಅನ್ನುತ್ತಾರೆ. ವೋಲ್ಗಾದಲ್ಲಿದ್ದ ಬಾತುವಿಗೆ ಉತ್ತರ ಚೀನಾದ ಪಿಂಗ್‌ಯಾಂಗ್‌ನಿಂದ ಆದಾಯ! ಇಂಥ ಅವಿಭಕ್ತ ಕುಟುಂಬ ನಡೆಯಬೇಕಾದರೆ ಎಲ್ಲರೂ ಒಪ್ಪುವ ಯಜಮಾನ ಬೇಕು. ಆದರೆ ಹಿರಿಮಗನಿಗೇ ಪಟ್ಟ ಅನ್ನುವ ಕಟ್ಟಳೆ ಇರಲಿಲ್ಲ; ಪ್ರತಿ ಸಾವಿಗೂ ಕುರುಲ್ತಾಯ್, ಪ್ರತಿ ಕುರುಲ್ತಾಯ್‌ಗೂ ಜಗಳ.

1259ರ ಆಗಸ್ಟ್‌ನಲ್ಲಿ ಆಗಿನ ಮಹಾಖಾನ್ ಮೊಂಗ್ಕೆ ಸಿಚುವಾನ್‌ನ ದ್ಯಾವ್‌ಯು ಕೋಟೆ ಮುತ್ತಿಗೆಯ ಹೊತ್ತಿಗೆ ಸತ್ತ. ತಮ್ಮಂದಿರಲ್ಲಿ ಕುಬ್ಲಾಯ್ ಕೈಪಿಂಗ್‌ನಲ್ಲಿ, ಅರಿಕ್ ಬೊಕೆ ಕಾರಕೋರಂನಲ್ಲಿ, ಇಬ್ಬರೂ 1260ರಲ್ಲಿ ಖಾನ್ ಎಂದು ಘೋಷಿಸಿಕೊಂಡರು. ಮಂಗೋಲಿಯಾದ ರಾಜಧಾನಿ ಕಾರಕೋರಂ ತಾನೇ ಬೆಳೆದು ತಿನ್ನುವ ಊರಲ್ಲ. ದಿನಾ 500 ಗಾಡಿ ಆಹಾರ, ಪಾನೀಯ ಚೀನಾದಿಂದ ಬರುತ್ತಿತ್ತು ಎಂದು ಇರಾನಿನ ಚರಿತ್ರೆಕಾರ ರಶೀದುದ್ದೀನ್ ಬರೆದಿದ್ದಾನೆ. ಕುಬ್ಲಾಯ್ ಆ ಗಾಡಿಗಳನ್ನು ನಿಲ್ಲಿಸಿದ. ಅರಿಕ್ ಬೊಕೆ ಧಾನ್ಯ ಕೂಡಿಹಾಕಲು ಚಂಗೀಸನ ಮಗ ಚಗತಾಯ್‌ನ ಮೊಮ್ಮಗ ಅಲ್ಗುವನ್ನು ಮಧ್ಯ ಏಷ್ಯಾದ ಚಗತಾಯ್ ಸೀಮೆಗೆ ಕಳಿಸಿದ. ಅಲ್ಗು ಅಲ್ಲಿ ನೆಲೆ ಊರಿ, ವಸೂಲಿಯನ್ನು ತಾನೇ ಇಟ್ಟುಕೊಂಡು ತಿರುಗಿಬಿದ್ದ. ಅರಿಕ್ ಬೊಕೆ 1264ರಲ್ಲಿ ಶರಣಾದ, ಯುದ್ಧಕ್ಕಿಂತ ಹೆಚ್ಚಾಗಿ ಹಸಿವಿಗೆ. ಇತ್ತ 1262ರಲ್ಲೇ ಅಜರ್‌ಬೈಜಾನ್‌ನ ಹುಲ್ಲುಗಾವಲು ಯಾರದು ಅಂತ ಹುಲಗುವಿಗೂ ಬಾತುವಿನ ತಮ್ಮ ಬರ್ಕೆಗೂ ಯುದ್ಧ ಹತ್ತಿತ್ತು. ಬರ್ಕೆ ಮಮ್ಲೂಕರ ಜೊತೆ ಕೈಜೋಡಿಸಿದ.

ಯಾಮ್ ಬಗ್ಗೆ: ಒಗೆದೇಯ್ ಅದನ್ನು ವ್ಯವಸ್ಥಿತವಾಗಿ ಕಟ್ಟಿದ. ಒಂದು ದಿನದ ಪಯಣಕ್ಕೊಂದು ಠಾಣೆ. ಪೈಜಾ ಅನ್ನುವ ಫಲಕ ತೋರಿಸಿದರೆ ಕುದುರೆ, ಊಟ. ಕೆಟ್ಟದ್ದು ಹೇಗೆಂದರೆ ರಾಜಕುಮಾರರು ವ್ಯಾಪಾರಿಗಳಿಗೂ ಪೈಜಾ ಹಂಚಿದರು. ಕುದುರೆ ಸಾಲದೇ ಸುತ್ತಲ ಹಳ್ಳಿಯವರದ್ದನ್ನು ಎಳೆದೊಯ್ದರು. ಮೊಂಗ್ಕೆ ಪಟ್ಟಕ್ಕೆ ಬಂದ ಕೂಡಲೇ ಹಳೆಯ ಫಲಕಗಳನ್ನು ವಾಪಸು ಕೇಳಬೇಕಾಯಿತು.

ಉತ್ತರ 4

ಕೊನೆಯ ಭಾಗ ಸೇರಿಸುತ್ತೇನೆ. ಕುಬ್ಲಾಯ್ 1260ರಲ್ಲಿ ಚೀನಾದಲ್ಲಿ ತಂದ ಕಾಗದದ ಹಣ ಮೊದಲು ಚೆನ್ನಾಗಿಯೇ ನಡೆಯಿತು, ಹಿಂದೆ ಬೆಳ್ಳಿಯ ಆಧಾರ ಇತ್ತು. ದಕ್ಷಿಣ ಚೀನಾದ ಸೊಂಗ್ ರಾಜ್ಯದ ಮೇಲಿನ ಯುದ್ಧದ ಖರ್ಚಿಗೆ ಮನಬಂದಂತೆ ಮುದ್ರಿಸಿದ ಮೇಲೆ ಬೆಲೆ ಕುಸಿದು, 1287ರಲ್ಲಿ ಹಳೆಯ ಐದು ನೋಟಿಗೆ ಹೊಸದೊಂದು ಕೊಟ್ಟರು. ಇರಾನ್ ಆಳುತ್ತಿದ್ದ ಮಂಗೋಲ್ ದೊರೆ ಗೈಖಾತು 1294ರಲ್ಲಿ ತಬ್ರೀಜ್‌ನಲ್ಲಿ ಅದನ್ನೇ ನಕಲು ಮಾಡಿದ. ಖಜಾನೆ ಬರಿದಾಗಿತ್ತು, ಜನ ನಂಬಲಿಲ್ಲ, ಬಜಾರು ಮುಚ್ಚಿತು, ನೋಟು ಹಿಂತೆಗೆದರು. ಅಲ್ಲಿಯ ವಂಶ 1335ರಲ್ಲಿ ಅಬು ಸಯೀದ್ ಗಂಡುಸಂತಾನವಿಲ್ಲದೆ ಸತ್ತಾಗ ಚೂರಾಯಿತು. ಚೀನಾದಲ್ಲಿ 1344ರಲ್ಲಿ ಹಳದಿ ನದಿ ಒಡ್ಡು ಒಡೆಯಿತು. 1351ರಲ್ಲಿ ಅದನ್ನು ಕಟ್ಟಲು 1,50,000 ಜನರನ್ನು ಬಿಟ್ಟಿಗೆ ಹಿಡಿದರು, ಅದೇ ವರ್ಷ ಕೆಂಪು ಪೇಟದ ದಂಗೆ ಎದ್ದಿತು. 1368ರಲ್ಲಿ ಕೊನೆಯ ದೊರೆ ತೊಗೊನ್ ತೆಮುರ್ ಈಗಿನ ಬೀಜಿಂಗ್ ಬಿಟ್ಟು ಉತ್ತರಕ್ಕೆ ಓಡಿದ.

ನಮ್ಮ ಕಡೆಯ ನಂಟೂ ಇದೆ. 1303ರಲ್ಲಿ ಮಂಗೋಲ್ ಸೇನಾನಿ ತರಘಾಯ್ ಸುಮಾರು ಎರಡು ತಿಂಗಳು ದೆಹಲಿ ಮುತ್ತಿದ್ದ. ಆ ಪೆಟ್ಟಿನ ಮೇಲೆ ಅಲಾವುದ್ದೀನ್ ಖಿಲ್ಜಿ ಸವಾರನಿಗೆ ವರ್ಷಕ್ಕೆ 234 ಟಂಕ ನಗದು ಸಂಬಳದ ಕಾಯಂ ಸೈನ್ಯ ಕಟ್ಟಿದ, ಆ ಸಂಬಳದಲ್ಲಿ ಬದುಕಲಿ ಅಂತ ಧಾನ್ಯದಿಂದ ಕುದುರೆಯವರೆಗೆ ಬೆಲೆ ಗೊತ್ತು ಮಾಡಿದ. ಮಲಿಕ್ ಕಾಫೂರ್ 1311ರಲ್ಲಿ ಹೊಯ್ಸಳ ಮೂರನೇ ಬಲ್ಲಾಳನ ದ್ವಾರಸಮುದ್ರಕ್ಕೆ ತಂದದ್ದು ಮಂಗೋಲರನ್ನು ತಡೆಯಲು ಕಟ್ಟಿದ ಆ ಸೈನ್ಯವನ್ನೇ.