ಫೈನಲ್ ಫ್ಯಾಂಟಸಿ 15: ಸಿನಿಮಾ ಮೊದಲಾ, ಆಟ ಮೊದಲಾ? ಕಥೆ ಕೈಕೊಟ್ಟಿದ್ದು ಎಲ್ಲಿ?

ಹೊಸಬ_ಆಟಗಾರ:
ಸೇಲಲ್ಲಿ ಫೈನಲ್ ಫ್ಯಾಂಟಸಿ 15 ವಿಡಿಯೋ ಗೇಮಿನ ರಾಯಲ್ ಎಡಿಷನ್ ತಗೊಂಡಿದೀನಿ, ಇನ್ನೂ ಶುರು ಮಾಡಿಲ್ಲ. ಒಬ್ರು ಇದರ ಕಥೆಗೆ ಜೋಡಿಯಾಗಿ ಬಂದ ಕಿಂಗ್ಸ್‌ಗ್ಲೇವ್ ಸಿನಿಮಾ ನೋಡ್ದೆ ಆಡಿದ್ರೆ ಏನೂ ಅರ್ಥ ಆಗಲ್ಲ ಅಂತಾರೆ, ಇನ್ನೊಬ್ರು ನೋಡಿದ್ರೆ ಮಜಾನೇ ಹೋಗುತ್ತೆ ಅಂತಾರೆ. ಆಡಿ ಮುಗಿಸಿದವರು ಹೇಳಿ. ಸ್ಪಾಯ್ಲರ್ ಪರವಾಗಿಲ್ಲ, ಕಥೆ ಗೊತ್ತಿದ್ರೂ ಆಡ್ತೀನಿ ನಾನು.

ರೀಗೇಲಿಯಾ_ಡ್ರೈವರ್:
ಮೊದಲು ನೋಡ್ಬೇಡ ಗುರು. ನಾಲ್ಕು ಹುಡುಗ್ರು ಕೆಟ್ಟು ನಿಂತ ಕಾರನ್ನ ಬಿಸಿಲಲ್ಲಿ ತಳ್ಕೊಂಡು ಹೋಗ್ತಿರ್ತಾರೆ, ಹಿಂದೆ ಸ್ಟ್ಯಾಂಡ್ ಬೈ ಮೀ ಹಾಡು, ಪ್ರಯಾಣ ಶುರುವಾಗೋದೇ ಹಾಗೆ. ನಾಕ್ಟಿಸ್ ರಾಜಕುಮಾರ, ಮದ್ವೆಗೆ ಅಂತ ಹೊರಟಿದಾನೆ. ಕಾವಲಿಗೆ ಗ್ಲಾಡಿಯೋಲಸ್, ಅಡುಗೆ ಡ್ರೈವಿಂಗ್ ಬುದ್ಧಿವಾದ ಎಲ್ಲಾ ಇಗ್ನಿಸ್, ಫೋಟೋ ತೆಗೆಯೋಕೆ ಪ್ರಾಂಪ್ಟೊ. ಊರಲ್ಲಿ ಏನಾಗ್ತಿದೆ ಅಂತ ಅವರಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ. ಮೊದಲನೇ ಅಧ್ಯಾಯದ ಕೊನೇಲಿ ಗಾಲ್ಡಿನ್ ಕೀ ಹೋಟೆಲಲ್ಲಿ ಬೆಳಿಗ್ಗೆ ಪೇಪರ್ ಬರುತ್ತೆ, ರಾಜಧಾನಿ ಇನ್ಸೋಮ್ನಿಯಾ ಶತ್ರುಗಳ ಕೈಗೆ ಹೋಗಿದೆ, ಅಪ್ಪ ಇಲ್ಲ. ಹಿಂದಿನ ದಿನದವರೆಗೂ ಮೀನು ಹಿಡ್ಕೊಂಡು ಓಡಾಡ್ತಿದ್ವಿ ನಾವು. ಸಿನಿಮಾ ನೋಡ್ಬಿಟ್ರೆ ಆ ಬೆಳಿಗ್ಗೆಗೆ ಅರ್ಥಾನೇ ಇರಲ್ಲ.

ಕ್ರಿಸ್ಟಲ್_ಕಾವಲು:
ಒಪ್ಪಲ್ಲ. ಪೇಪರ್ ನೋಡಿ ಎದೆ ಧಸಕ್ ಅನ್ನೋಕೆ ಅಪ್ಪನ ಪರಿಚಯ ಇರ್ಬೇಕಲ್ಲ. ಆಗ ನಮಗೆ ಗೊತ್ತಿರೋ ರೇಜಿಸ್ ಅಂದ್ರೆ ಮಗನನ್ನ ಬೀಳ್ಕೊಡೋಕೆ ಕೋಲು ಊರ್ಕೊಂಡು ಬಂದು ನಿಂತ ಆ ಒಂದೇ ಸೀನು, ಅದೂ ನಿಮಿಷಗಳಲ್ಲಿ ಮುಗಿದೋಗುತ್ತೆ. ಅವನನ್ನ ಕೊಂದ ಗ್ಲೌಕಾ ಯಾರು, ಒಳಗಿದ್ದೇ ಮೋಸ ಮಾಡಿದ್ದು ಯಾಕೆ, ಅರಮನೆ ಬಿದ್ದಾಗ ನಾಕ್ಟಿಸ್ ಮದ್ವೆ ಆಗ್ಬೇಕಿದ್ದ ಲೂನಾ ಹೇಗೆ ತಪ್ಪಿಸ್ಕೊಂಡ್ಲು, ಎಲ್ಲಾ ಸಿನಿಮಾದಲ್ಲೇ ಇರೋದು. ದುಡ್ಡು ಕೊಟ್ಟು ಆಟ ತಗೊಂಡವನು ಕಥೆಯ ಬೇರನ್ನ ಹುಡುಕ್ಕೊಂಡು ಇನ್ನೊಂದು ಕಡೆ ಯಾಕೆ ಹೋಗ್ಬೇಕು? ಹುಡುಗರು ಸ್ನೇಹಿತರಾಗಿದ್ದು ಹೇಗೆ ಅಂತ ತಿಳಿಬೇಕಂದ್ರೆ ಬ್ರದರ್‌ಹುಡ್ ಅನಿಮೆ ಬೇರೆ. ಇಗ್ನಿಸ್ ಕಣ್ಣು ಹೋಗೋದು ಇಡೀ ಆಟದ ದೊಡ್ಡ ಆಘಾತ, ಹೇಗೆ ಹೋಯ್ತು ಅಂತ ಆಟದಲ್ಲಿ ತೋರಿಸೋದೇ ಇಲ್ಲ. ನಾಕ್ಟಿಸ್ ಎಚ್ಚರ ಆಗೋವಾಗ್ಲೇ ಆಗೋಗಿರುತ್ತೆ. ಆಟ ಬಂದಿದ್ದು 2016 ನವೆಂಬರ್ 29ಕ್ಕೆ, ಕಾರಣ ತೋರಿಸಿದ ಎಪಿಸೋಡ್ ಇಗ್ನಿಸ್ ಅನ್ನೋ ಹೆಚ್ಚುವರಿ ಭಾಗ ಬಂದಿದ್ದು 2017 ಡಿಸೆಂಬರ್‌ಗೆ. ಮೊದಲ ದಿನವೇ ತಗೊಂಡವರು ಒಂದು ವರ್ಷ ಕಾದ್ರು.

ರೀಗೇಲಿಯಾ_ಡ್ರೈವರ್:
ಇಗ್ನಿಸ್ ವಿಷಯದಲ್ಲಿ ನಿಮ್ ಮಾತು ಸರಿ, ಆದ್ರೆ ಅದರ ಮುಂದಿನ ಅಧ್ಯಾಯ ನೆನಪಿದ್ಯಾ? ಕಾರ್ಟನಿಕಾ ಗಣಿಯಲ್ಲಿ ಇಗ್ನಿಸ್ ಕೋಲು ಹಿಡ್ಕೊಂಡು ಹಿಂದೆ ನಿಧಾನಕ್ಕೆ ಬರ್ತಿರ್ತಾನೆ, ನೀವು ಅಭ್ಯಾಸಬಲದಿಂದ ಮುಂದೆ ಓಡಿದ್ರೆ ಗ್ಲಾಡಿಯೋ ಗದರ್ತಾನೆ. ಅಲ್ಲೀತನಕ ಓಡೋದೇ ಕೆಲಸ ಆಗಿದ್ದ ಆಟದಲ್ಲಿ ಕಾಯೋದು ಕಲಿಸ್ತಾರೆ. ಅದಕ್ಕೂ ಮುಂಚೆ ರೈಲಲ್ಲಿ ಗ್ಲಾಡಿಯೋ ನಾಕ್ಟಿಸ್ ಕಾಲರ್ ಹಿಡಿದು ಬಯ್ದಿರೋದು ತಲೇಲಿ ಇರುತ್ತೆ, ಯಾರೂ ಯಾರ ಜೊತೆನೂ ಸರಿಯಾಗಿ ಮಾತಾಡ್ತಿಲ್ಲ, ದಾರಿಯುದ್ದಕ್ಕೂ ಇದ್ದ ಆ ಹರಟೆ ನಿಂತೋಗಿದೆ. ಒಂದು ಉದ್ದ ಸೀನ್ ಹಾಕಿ ಅಳಿಸಬಹುದಿತ್ತು, ಹಾಗೆ ಮಾಡ್ದೆ ನಮ್ಮ ಕೈಯಲ್ಲೇ ಮಾಡ್ಸಿದ್ರು. ಕಥೆ ಹೇಳೋಕೆ ಬರಲ್ಲ ಅಂತ ಇವರನ್ನ ಹೆಂಗೆ ಅಂತೀರ?

ಧಾರ್ವಾಡ್_ಪ್ಲೇಯರ್:
ಕ್ಯಾಂಪಿನ ವಿಷಯಾ ಯಾರೂ ಎತ್ತಲಿಲ್ಲ ನೋಡ್ರಿ. ನೀವು ಎಷ್ಟ ಹೊಡದಾಡಿದ್ರೂ ಅನುಭವದ ಪಾಯಿಂಟ್ ಲೆವೆಲ್ ಆಗಬೇಕಂದ್ರ ಎಲ್ಲೆರೆ ರಾತ್ರಿ ಉಳೀಬೇಕು. ಹೋಟೆಲ್‌ನ್ಯಾಗ ಉಳದ್ರ ಪಾಯಿಂಟ್ ಗುಣಿಸಿ ಕೊಡ್ತಾರ, ಗಾಲ್ಡಿನ್ ಕೀದಾಗ ಎರಡು ಪಟ್ಟು, ಆದ್ರ ರೊಕ್ಕ ಕೊಡಬೇಕು ಮತ್ತ ಇಗ್ನಿಸನ ಅಡಿಗಿ ಸಿಗೂದಿಲ್ಲ. ಕ್ಯಾಂಪ್ ಹಾಕಿದ್ರ ಅಡಿಗಿ ಐತಿ, ಮರುದಿನದ ಹೊಡದಾಟಕ್ಕ ಅದರ ಬಲಾ ಐತಿ. ಊಟ ಆದಮ್ಯಾಲೆ ಪ್ರಾಂಪ್ಟೊ ಆ ದಿನದ ಫೋಟೋ ತೋರಸ್ತಾನ, ಯಾವುದು ಇಟಗೋಬೇಕು ಅಂತ ನಾವ ಆರಿಸಬೇಕು. ಒಂದರಾಗ ನಾಕ್ಟಿಸನ ಅರ್ಧ ಮಾರಿ, ಇನ್ನೊಂದರಾಗ ಮೂರೂ ಮಂದಿ ಮಳ್ಯಾಗ ತೊಯ್ಸಕೊಂಡ ನಿಂತಿರ್ತಾರ. ಕೊನೀಗೆ ಸಿಂಹಾಸನಕ್ಕ ಹೋಗೂ ಮುಂದ ಒಂದ ಫೋಟೋ ಜೊತಿಗೆ ಒಯ್ತೇನಿ ಅಂತ ನಾಕ್ಟಿಸ್ ಕೇಳ್ತಾನಲ್ಲ, ಆವಾಗ ಆ ಎಲ್ಲಾ ಫೋಟೋ ಒಮ್ಮೆಲೆ ಎದುರಿಗೆ ಬರ್ತಾವ. ನನ್ನ ಫೋಟೋ ಬ್ಯಾರೆ, ನಿಮ್ಮ ಫೋಟೋ ಬ್ಯಾರೆ. ಇಂಥಾದ್ದು ಸಿನಿಮಾದಾಗ ಮಾಡಾಕ ಬರೂದಿಲ್ಲ, ಪುಸ್ತಕದಾಗೂ ಬರೂದಿಲ್ಲ.

ಸಂಜೆಮಲ್ಲಿಗೆ:
ಸ್ನೇಹದ ಕಥೆ ಚೆನ್ನಾಗಿದೆ, ಅದ್ರಲ್ಲಿ ನನ್ನ ತಕರಾರಿಲ್ಲ. ಆದ್ರೆ ಯಾರೂ ಲೂನಾ ಬಗ್ಗೆ ಮಾತಾಡ್ತಿಲ್ಲ, ಅದೇ ಈ ಆಟದ ಸಮಸ್ಯೆ ಕೂಡ. ದೇವತೆಗಳನ್ನ ಒಬ್ಬೊಬ್ಬರಾಗಿ ಎಬ್ಬಿಸಿದ್ದು ಅವಳು, ರಾಜವಂಶದ ಉಂಗುರ ಹೊತ್ಕೊಂಡು ಊರೂರು ದಾಟಿದ್ದು ಅವಳು, ಪ್ರತಿ ಸಲ ಅವಳ ದೇಹ ಸವೀತಾ ಹೋಗುತ್ತೆ. ಇಷ್ಟು ದೊಡ್ಡ ಪ್ರಯಾಣ ನಮಗೆ ತುಂಡು ತುಂಡಾಗಿ, ಬೇರೆಯವರ ಬಾಯಲ್ಲಿ, ನಾಯಿ ತಂದುಕೊಡೋ ಡೈರಿಯಲ್ಲಿ ಗೊತ್ತಾಗೋದು. ಒಂಬತ್ತನೇ ಅಧ್ಯಾಯದಲ್ಲಿ ಆಲ್ಟಿಸಿಯಾ ಊರಲ್ಲಿ ಖಳನಾಯಕ ಆರ್ಡಿನ್ ಅವಳನ್ನ ಇರಿದು ಕೊಲ್ತಾನೆ, ದೊಡ್ಡವರಾದಮೇಲೆ ನಾಕ್ಟಿಸ್ ಲೂನಾ ಸರಿಯಾಗಿ ಕೂತು ಮಾತಾಡಿದ್ದು ಒಂದು ಸೀನೂ ಇಲ್ಲ. ಆಮೇಲೆ ಕಣ್ಣೀರು ಹಾಕಿ ಅಂದ್ರೆ? ಯೋಕೊ ಶಿಮೊಮುರಾ ಅವರ ಸಂಗೀತ ಅಲ್ಲಿ ನಮ್ಮನ್ನ ಎತ್ತುತ್ತೆ, ಆ ದುಃಖವನ್ನ ಸಂಗೀತವೇ ಹೊತ್ತಿದೆ, ಬರವಣಿಗೆ ಹೊತ್ತಿಲ್ಲ. ಅವಳ ಅಣ್ಣ ರೇವಸ್ ಕಥೆ ಇನ್ನೂ ಅನ್ಯಾಯ, ಅವನ ಮನಸ್ಸು ಬದಲಾಗಿದ್ದನ್ನ ನೆಟ್ಟಗೆ ನೋಡೋ ಮುಂಚೆ ಅವನ ಹೆಣ ಸಿಗುತ್ತೆ.

ಚೋಕೋಬೋ_ಸವಾರ:
ಇದಕ್ಕೆಲ್ಲ ಹಿನ್ನೆಲೆ ಇದೆ. 2006ರಲ್ಲಿ ಫೈನಲ್ ಫ್ಯಾಂಟಸಿ ವರ್ಸಸ್ 13 ಅಂತ ಘೋಷಣೆ ಆಗಿದ್ದು ಇದೇ ಆಟ, ನಿರ್ದೇಶಕ ಟೆಟ್ಸುಯಾ ನೊಮುರಾ. 2013ರಲ್ಲಿ ಹೆಸರು 15 ಆಯ್ತು, 2014ರಲ್ಲಿ ನೊಮುರಾ ಬಿಟ್ಟು ಹಾಜಿಮೆ ತಬಾಟಾ ಒಬ್ಬರೇ ನಿರ್ದೇಶಕರಾದ್ರು. ಹಳೇ ಟ್ರೇಲರಲ್ಲಿ ಸ್ಟೆಲ್ಲಾ ಅನ್ನೋ ನಾಯಕಿ ಇದ್ಲು, ಅವಳನ್ನ ತೆಗೆದು ಲೂನಾ ತಂದ್ರು. ಹತ್ತು ವರ್ಷದ ಕೆಲಸ ಇಬ್ಬರ ಕೈಯಲ್ಲಿ ಆಗಿದೆ, ಎಂಟನೇ ಅಧ್ಯಾಯದವರೆಗೂ ಬಯಲಲ್ಲಿ ಓಡಾಡೋಕೆ ಬಿಟ್ಟು ಆಮೇಲೆ ಒಂದೇ ಹಳಿ ಮೇಲೆ ಓಡ್ಸಿದ್ರಲ್ಲಿ ಆ ಹೊಲಿಗೆ ಕಾಣುತ್ತೆ. ಇಷ್ಟಾದ್ರೂ 2022ರ ಹೊತ್ತಿಗೆ ಒಂದು ಕೋಟಿ ಪ್ರತಿ ಹೋಗಿದೆ.

ಸಂಜೆಮಲ್ಲಿಗೆ:
@ಚೋಕೋಬೋ_ಸವಾರ ಕಷ್ಟಪಟ್ಟಿದ್ದಾರೆ ಅನ್ನೋದು ಗೌರವದ ವಿಷಯ. ಆದ್ರೆ ಲೂನಾಗೆ ಇನ್ನೊಂದು ಸೀನ್ ಬೇಕಿತ್ತು ಅನ್ನೋದು ಅದ್ರಿಂದ ಬದಲಾಗಲ್ಲ. ಎಪಿಸೋಡ್ ಲೂನಾ ಮಾಡ್ತೀವಿ ಅಂದು 2018 ನವೆಂಬರಲ್ಲಿ ತಬಾಟಾ ಹೊರಟಾಗ ಅದನ್ನೂ ರದ್ದು ಮಾಡಿದ್ರು, ನಾಕ್ಟಿಸ್, ಅರಾನಿಯಾ ಇಬ್ಬರ ಎಪಿಸೋಡ್ ಕೂಡ ಹೋಯ್ತು, ಉಳಿದಿದ್ದು ಆರ್ಡಿನ್ ಒಂದೇ. ಅವಳ ಕಥೆ ಕೊನೆಗೆ ಕಾದಂಬರಿಗೆ ಹೋಯ್ತು. ಆಟದ ನಾಯಕಿ ಆಟದಲ್ಲಿ ಬದುಕಬೇಕು.

ಕ್ರಿಸ್ಟಲ್_ಕಾವಲು:
ಸಂಜೆಮಲ್ಲಿಗೆ ಅವರೇ ಸರಿಯಾಗಿ ಹೇಳಿದ್ರಿ. ಹದಿಮೂರನೇ ಅಧ್ಯಾಯ ಇನ್ನೊಂದು. ಇಡೀ ಆಟ ನಾಲ್ಕು ಜನರ ಜೊತೆ ಆಡಿಸಿ ಅಲ್ಲಿ ನಾಕ್ಟಿಸ್ ಒಬ್ಬನನ್ನೇ ಕತ್ತಲ ಕಾರಿಡಾರಲ್ಲಿ ಆಯುಧ ಕಿತ್ಕೊಂಡು ಬಿಟ್ರು, ಬರೀ ಉಂಗುರ. ಜನ ಎಷ್ಟು ಬೇಜಾರಾದ್ರು ಅಂದ್ರೆ 2017 ಮಾರ್ಚಲ್ಲಿ ಅಪ್‌ಡೇಟ್ ಕೊಟ್ಟು ಗ್ಲಾಡಿಯೋ ಜೊತೆ ಹೋಗೋ ಇನ್ನೊಂದು ದಾರಿ ಸೇರ್ಸಬೇಕಾಯ್ತು.

ಧಾರ್ವಾಡ್_ಪ್ಲೇಯರ್:
ಆ ಒಂಟಿತನ ಬೇಕಾಗಿತ್ತರೀ. ಗೆಳ್ಯಾರು ಇಲ್ಲದ ಅಂವ ಏನೂ ಅಲ್ಲ ಅನ್ನೂದು ಅಲ್ಲೇ ತಿಳೀತೈತಿ. ಉದ್ದ ಭಾಳ ಆತು ಅನ್ರಿ, ಅದನ್ನ ನಾನೂ ಅಂತೇನಿ, ಒಂದ ಥರದ ಬಾಗಲಾ ಒಂದ ಥರದ ಕೀ ಕಾರ್ಡ್ ಎಷ್ಟ ಹೊತ್ತು ಹುಡಕೂದು. ಆದ್ರ ಪ್ರಾಂಪ್ಟೊ ಮತ್ತ ಸಿಕ್ಕಾಗ ಎಷ್ಟ ಸಮಾಧಾನ ಆತು ನೆನಸ್ಕೋರಿ, ಆ ಸಮಾಧಾನಾ ಒಬ್ಬನ ಅಡ್ಡಾಡಿದ್ದಕ್ಕ ಬಂತು.

ಕ್ರಿಸ್ಟಲ್_ಕಾವಲು:
ಸಿಕ್ಕಾಗ ಅಂತೀರಲ್ಲ, ಸಿಕ್ಕಮೇಲೆ ಏನಾಯ್ತು? ಕೈಮೇಲಿನ ಬಾರ್‌ಕೋಡ್ ತೋರಿಸಿ ಬಾಗಿಲು ತೆಗೀತಾನೆ, ತಾನು ಹುಟ್ಟಿದ್ದೇ ಶತ್ರು ದೇಶ ನಿಫ್ಲ್‌ಹೈಮಲ್ಲಿ ಅಂತ ಹೇಳ್ತಾನೆ, ಗೆಳೆಯರು ಎರಡು ಮಾತಲ್ಲಿ ಪರವಾಗಿಲ್ಲ ಬಿಡು ಅಂತಾರೆ, ಎಲ್ಲರೂ ಮುಂದಕ್ಕೆ ಹೋಗ್ತಾರೆ. ಹುಡುಗ ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಭಯ ಅದು. ಉಳಿದಿದ್ದಕ್ಕೆ ಮತ್ತೆ ಎಪಿಸೋಡ್ ಪ್ರಾಂಪ್ಟೊ ಆಡ್ಬೇಕು.

ರೀಗೇಲಿಯಾ_ಡ್ರೈವರ್:
ಗೆಳೆಯರು ತಲೆ ಕೆಡಿಸ್ಕೊಳ್ದೇ ಇದ್ದಿದ್ದೇ ಚೆನ್ನಾಗಿದೆ ಅಂತ ನನಗನ್ಸುತ್ತೆ, ಅಷ್ಟು ದಿನ ಒಂದೇ ಟೆಂಟಲ್ಲಿ ಮಲಗಿದವರಿಗೆ ಎಲ್ಲಿ ಹುಟ್ಟಿದ್ರೆ ಏನು. ಆದ್ರೆ ಪ್ರಾಂಪ್ಟೊ ಕಡೆಯಿಂದ ಇನ್ನಷ್ಟು ಬೇಕಿತ್ತು ಅನ್ನೋದಕ್ಕೆ ಎದುರು ಮಾತಿಲ್ಲ. ಆರ್ಡಿನ್ ಬಗ್ಗೆ ಮಾತ್ರ ಯಾರೂ ಕೆಟ್ಟದಾಗಿ ಹೇಳ್ಬೇಡಿ. ರೋಗ ವಾಸಿ ಮಾಡ್ತಾ ಮಾಡ್ತಾ ಆ ರೋಗವನ್ನೆಲ್ಲ ತನ್ನ ಮೈಗೆ ತಗೊಂಡವನು, ಅದಕ್ಕೇ ರಾಜನನ್ನ ಆರಿಸೋ ಕ್ರಿಸ್ಟಲ್ ಅವನನ್ನ ತಳ್ಳಿಬಿಡ್ತು. ಅವನೂ ನಾಕ್ಟಿಸ್‌ನ ಲೂಸಿಸ್ ರಾಜವಂಶದವನೇ ಅಂತ ಗೊತ್ತಾದಾಗ ಅವನ ಹಿಂದಿನ ನಗು ಎಲ್ಲಾ ಬೇರೆ ಥರ ಕೇಳ್ಸುತ್ತೆ.

ಹೊಸಬ_ಆಟಗಾರ:
ಸರಿ, ಹಾಗಾದ್ರೆ ನಾನು ಯಾವ ಕ್ರಮದಲ್ಲಿ ಹೋಗ್ಲಿ?

ಚೋಕೋಬೋ_ಸವಾರ:
ಆಟ ಶುರು ಮಾಡು. ಮೊದಲನೇ ಅಧ್ಯಾಯ ಮುಗಿದು ಪೇಪರ್ ಬಂದಮೇಲೆ ನಿಲ್ಸಿ ಸಿನಿಮಾ ನೋಡು, ಆ ಬೆಳಿಗ್ಗೆಯ ಆಘಾತನೂ ಸಿಗುತ್ತೆ, ರೇಜಿಸ್ ಯಾರು ಅಂತಾನೂ ಗೊತ್ತಾಗುತ್ತೆ. ಇಗ್ನಿಸ್ ಎಪಿಸೋಡನ್ನ ಒಂಬತ್ತನೇ ಅಧ್ಯಾಯ ಮುಗಿದ ಕೂಡ್ಲೇ ಆಡ್ಬೇಡ, ಕಾರ್ಟನಿಕಾ ದಾಟಿದಮೇಲೆ ಆಡು. ಪ್ರಾಂಪ್ಟೊದು ಹದಿಮೂರಾದಮೇಲೆ. ಆರ್ಡಿನ್ ಎಪಿಸೋಡ್ ನಿನ್ನ ಎಡಿಷನಲ್ಲಿ ಇರಲ್ಲ, ಬೇರೆ ತಗೋಬೇಕು, ಅದು ಆಟ ಪೂರ್ತಿ ಮುಗಿದಮೇಲೆ.

ಸಂಜೆಮಲ್ಲಿಗೆ:
ಸಿನಿಮಾದಲ್ಲಿ ಲೂನಾ ಮಾಡಿದ್ದನ್ನ ಸ್ವಲ್ಪ ಗಮನ ಕೊಟ್ಟು ನೋಡಿ. ಮುಂದೆ ಆಲ್ಟಿಸಿಯಾಗೆ ಹೋದಾಗ ಅಷ್ಟಾದ್ರೂ ಅವಳು ಗೊತ್ತಿರ್ತಾಳೆ ನಿಮಗೆ.

ಧಾರ್ವಾಡ್_ಪ್ಲೇಯರ್:
ಮತ್ತ ಫೋಟೋ ಅಳಸಬ್ಯಾಡ್ರಿ, ಛಲೋ ಅನಸಿದ್ದೆಲ್ಲಾ ಇಟ್ಕೋರಿ.