ಬ್ಯಾಸಿಲ್ಡನ್ ಪಾರ್ಕ್: ಒಳಗಿರೋದರಲ್ಲಿ ಮೂಲದ್ದು ಎಷ್ಟು?

ಪ್ರಶ್ನೆ: ಇಂಗ್ಲೆಂಡಿನ ಬರ್ಕ್‌ಷೈರ್‌ನ ಬ್ಯಾಸಿಲ್ಡನ್ ಪಾರ್ಕ್ ಬಂಗಾಳದ ದುಡ್ಡಲ್ಲಿ ಎದ್ದ ಮನೆ ಅಂತ ಗೊತ್ತು. ಒಳಗಿನ ಬಾಗಿಲು, ಅಗ್ಗಿಷ್ಟಿಕೆ ಎಲ್ಲ ಆ ಕಾಲದವೇನಾ? ಇಡೀ ಮನೆಯನ್ನೇ ಬಿಚ್ಚಿ ಅಮೆರಿಕಕ್ಕೆ ಸಾಗಿಸೋ ಮಾತಿತ್ತಂತೆ, ನಿಜಾನಾ?

ಉತ್ತರ 1: ನಿಜ, ಆದರೆ ಪೂರ್ತಿ ಆಗಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಂಪಾದಿಸಿದ ಫ್ರಾನ್ಸಿಸ್ ಸೈಕ್ಸ್ 1776ರಿಂದ 1783ರವರೆಗೆ ಕಟ್ಟಿಸಿದ್ದು. ವಾಸ್ತುಶಿಲ್ಪಿ ಯಾರ್ಕ್‌ನ ಜಾನ್ ಕಾರ್. (ಇಂಥವರನ್ನ ಅಲ್ಲಿನವರು ‘ನೇಬಾಬ್’ ಅಂತಿದ್ದರು, ನಮ್ಮ ನವಾಬನೇ.) ಸೈಕ್ಸ್ ಅರ್ಧಕ್ಕೆ ಬಿಟ್ಟ ಎಂಟು ಮೂಲೆಯ ಕೋಣೆ ಮುಗಿದಿದ್ದು 1838ರಲ್ಲಿ ಮನೆ ಕೊಂಡ ಬಟ್ಟೆ ವ್ಯಾಪಾರಿ ಜೇಮ್ಸ್ ಮಾರಿಸನ್ ಕಾಲದಲ್ಲಿ. ಮನೆಗೆ ಗಿರಾಕಿ ಸಿಗದಿದ್ದರೂ 1930ರ ಆಸುಪಾಸಿನಲ್ಲಿ ಒಳಗಿನ ಸಾಮಾನು ಮಾತ್ರ ಬಿಕರಿಯಾಯ್ತು. ಊಟದ ಕೋಣೆಯ ಅಲಂಕಾರ ನ್ಯೂಯಾರ್ಕ್‌ನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್ ಸೇರಿ ‘ಬ್ಯಾಸಿಲ್ಡನ್ ರೂಮ್’ ಆಯ್ತು.

ಉತ್ತರ 2: ಯುದ್ಧವನ್ನೂ ಸೇರಿಸಿಕೊಳ್ಳಿ. ಮೊದಲನೇ ಮಹಾಯುದ್ಧದಲ್ಲಿ ಗಾಯಾಳುಗಳ ಆರೈಕೆ. ಎರಡನೇದರಲ್ಲಿ ಸೇನೆಯ ವಶ, ಅಮೆರಿಕದ 101ನೇ ಏರ್‌ಬೋರ್ನ್ ಡಿವಿಷನ್ (ಪ್ಯಾರಾಚೂಟ್ ಪಡೆ) ಸೈನಿಕರೂ ಅಲ್ಲಿದ್ದರು. 1950ರ ದಶಕದ ಆರಂಭದಲ್ಲಿ ಇಲಿಫ್ ದಂಪತಿ ಕೊಂಡಾಗ ಕೈಸೇರಿದ್ದು ಬಹುಪಾಲು ಬರೀ ಗೋಡೆ.

ಬಾಗಿಲಿನ ವಿಷಯ: ಅವನ್ನ ಇಲಿಫ್ ದಂಪತಿ ತಂದಿದ್ದು ಲಿಂಕನ್‌ಷೈರ್‌ನ ಪ್ಯಾಂಟನ್ ಹಾಲ್‌ನಿಂದ. ಅದೂ ಕಾರ್ ಕೆಲಸ ಮಾಡಿದ ಮನೆಯೇ, ಆಮೇಲೆ ನೆಲಸಮ ಆಯ್ತು. ಕಾರ್‌ನ ಅಳತೆ ಎಷ್ಟು ಕರಾರುವಾಕ್ಕು ಅಂದರೆ ಅಲ್ಲಿನ ಮಹಾಗನಿ ಬಾಗಿಲು ಇಲ್ಲಿನ ಚೌಕಟ್ಟಿಗೆ ಸರಿಯಾಗಿ ಕೂತುಕೊಂಡಿತು. ಅದಕ್ಕೇ ಬರಿಗಣ್ಣಿಗೆ ವ್ಯತ್ಯಾಸ ಸಿಗೋದು ಕಷ್ಟ.

ಪ್ರಶ್ನೆ ಕೇಳಿದವರು: ಅಂದರೆ ಬೇರೆ ಮನೆ ಬಾಗಿಲು, ಆದರೂ ‘ಮೂಲದ್ದು’ ಅನ್ನಬಹುದಾ?

ಉತ್ತರ 2: ಕಾಲ ಅದೇ, ಕೈ ಅದೇ, ಜಾಗ ಬೇರೆ. ನಾನಂತೂ ‘ಮೂಲದ್ದು’ ಅನ್ನಲ್ಲ.

ಉತ್ತರ 3: 1978ರಿಂದ ಮನೆ ನ್ಯಾಷನಲ್ ಟ್ರಸ್ಟ್ (ಹಳೇ ಕಟ್ಟಡ ಕಾಪಾಡೋ ಸಂಸ್ಥೆ) ಕೈಲಿದೆ. ಹೋಗೋರಿದ್ದರೆ ಚಳಿಗಾಲದಲ್ಲಿ ಸ್ವೆಟರ್ ಒಯ್ಯಿರಿ. ಇಂಥ ಮನೆಗಳಲ್ಲಿ ಹೀಟರ್ ಉರಿಯೋದು ಮನುಷ್ಯರಿಗಲ್ಲ, ಸಾಮಾನಿಗೆ: ತೇವಾಂಶ ಸುಮಾರು ಶೇ. 65 ದಾಟಿ ನಿಂತರೆ ಬೂಷ್ಟು, ತೀರಾ ಒಣಗಿದರೆ ಮರ ಕುಗ್ಗಿ ಸೀಳುತ್ತೆ. ಹಾಗಾಗಿ ಉಷ್ಣತೆ ನೋಡದೆ ತೇವಾಂಶ ನೋಡಿ ಹೀಟರ್ ಹಾಕ್ತಾರೆ, ಆರಿಸ್ತಾರೆ. ಹಳೇ ಬಟ್ಟೆ, ಪರದೆ ಇರೋ ಕಡೆ ಬಣ್ಣ ಮಾಸದಿರಲಿ ಅಂತ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸು, ಅಂದರೆ ಮಂದ. ಒಳಗೆ ಕಾಲಿಟ್ಟಾಗ ಕತ್ತಲೆ ಅನ್ಸುತ್ತೆ; ಎರಡು ನಿಮಿಷ ಸುಮ್ಮನೆ ನಿಂತು, ಆಮೇಲೆ ಬಾಗಿಲು ನೋಡಿ.